ಬೀಳಲು ಒಂದಿಷ್ಟು ಮಣ್ಣು

ಬನಹಟ್ಟಿಯ ನಮ್ಮ ಓಣಿಯಲ್ಲಿ ರಾತ್ರಿ ಹತ್ತಾದರೂ ಮಗ್ಗದ ಸದ್ದು ನಿಲ್ಲುವುದಿಲ್ಲ. ಅವ್ವ ಕಂಡಿಕಿ ಸುತ್ತುವುದನ್ನು ಬದಿಗಿಟ್ಟು, ಸೆರಗಿನಿಂದ ಕನ್ನಡಕ ಒರೆಸಿಕೊಂಡು ನನ್ನ ಮಗ್ಗುಲಿಗೆ ಬಂದು ಕೂತಳು. ಟಿವಿಯೊಳಗೆ ಇಬ್ಬರು ಹೆಂಗಸರು ಕುಸ್ತಿ ಕಣದಲ್ಲಿ ಒಬ್ಬರನ್ನೊಬ್ಬರು ಹಿಡಿದು ಎಳೆದಾಡುತ್ತಿದ್ದರು. ಒಬ್ಬಳು ಬಾರಿಸಿದಳು, ಇನ್ನೊಬ್ಬಳು ಬಿದ್ದಳು, ಬಿದ್ದವಳು ಮತ್ತೆ ಎದ್ದು ಬಂದಳು.

"ಖರೇನ ಹೊಡ್ಯಾಕತ್ತಾರೇನ?" ಅಂದಳು ಅವ್ವ.

"ಇಲ್ಲವ್ವಾ, ಇದು ನಾಟಕ."

"ನಾಟಕ ಆದ್ರ ಅಕಿ ಕಣ್ಣಾಗ ಅಷ್ಟ್ಯಾಕ ಸಿಟ್ಟು?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅದು ನಾಟಕವೂ ಹೌದು, ಖರೆ ಸಿಟ್ಟೂ ಹೌದು. 'ಗ್ಲೋ' ಎಂಬ ಆ ಧಾರಾವಾಹಿಯ ಮೊದಲ ಕಂತು ಮುಗಿಯುವುದೇ ಆ ಜಗಳದಲ್ಲಿ. ರೂತ್ ಎಂಬ ಕೆಲಸವಿಲ್ಲದ ನಟಿ ತನ್ನ ಜೀವದ ಗೆಳತಿ ಡೆಬ್ಬಿಯ ಗಂಡನ ಜೊತೆ ಮಲಗಿರುತ್ತಾಳೆ. ಸುದ್ದಿ ತಿಳಿದ ಡೆಬ್ಬಿ ಕುಸ್ತಿ ತಾಲೀಮು ನಡೆಯುವ ಕಡೆಗೇ ನುಗ್ಗಿ ಬಂದು ಅವಳ ಮೇಲೆ ಬೀಳುತ್ತಾಳೆ. ಅದನ್ನು ನೋಡುತ್ತ ನಿಂತ ನಿರ್ದೇಶಕ ಸ್ಯಾಮ್‌ನ ಕಣ್ಣಿಗೆ ಆ ಜಗಳ ಜಗಳವಾಗಿ ಕಾಣುವುದೇ ಇಲ್ಲ. ಬಣ್ಣದ ಉಡುಪು, ಝಗಮಗಿಸುವ ದೀಪ, ಕೂಗುವ ಜನ, ನಡುವೆ ಇವರಿಬ್ಬರು: ಹೀಗೆ ಒಂದು ದೊಡ್ಡ ಆಟವೇ ಅವನಿಗೆ ಕಾಣುತ್ತದೆ.

ಲಿಜ್ ಫ್ಲಾಹೈವ್ ಮತ್ತು ಕಾರ್ಲಿ ಮೆನ್ಷ್ ಎಂಬಿಬ್ಬರು ಹೆಣ್ಣುಮಕ್ಕಳು ಕಟ್ಟಿದ ಈ ಧಾರಾವಾಹಿ 2017ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಹತ್ತತ್ತು ಕಂತಿನ ಮೂರು ಸರಣಿ ಆದವು. ನಾಲ್ಕನೆಯದು ಶುರುವಾಗಿದ್ದರೂ 2020ರ ಕೋವಿಡ್ಡಿನಲ್ಲಿ ಅರ್ಧಕ್ಕೇ ನಿಂತುಹೋಯಿತು. ನಾನು ತಡವಾಗಿ ಬಂದ ಪ್ರೇಕ್ಷಕಿ. ಮೊದಲ ಸರಣಿ ಮುಗಿಸಿದ್ದೇನೆ, ಅದೂ ಅವ್ವನ ಜೊತೆ, ನಡುವೆ ಒಂದೆರಡು ದೃಶ್ಯ ಮುಂದಕ್ಕೆ ಓಡಿಸಿ. ಆದರೂ ಬರೆಯಲೇಬೇಕೆನ್ನಿಸಿತು. ಏಕೆಂದರೆ ನಾನು ಹುಟ್ಟಿದ್ದು ಕುಸ್ತಿಯ ಸೀಮೆಯಲ್ಲಿ. ಈ ಸೀಮೆಯ ಹೆಣ್ಣಾಗಿ ನನಗೆ ಕುಸ್ತಿಯ ಬಗ್ಗೆ ತಿಳಿದಿದ್ದು ಎಷ್ಟು ಕಡಿಮೆ ಎಂಬುದು ಲಾಸ್ ಏಂಜಲೀಸಿನ ಕತೆ ನೋಡುವಾಗ ಗೊತ್ತಾಯಿತು.

ಕತೆ ನಡೆಯುವುದು 1985ರಲ್ಲಿ. ಅದರ ಹಿಂದೆ ನಿಜವಾದ ಒಂದು ಚರಿತ್ರೆ ಇದೆ. ಡೇವಿಡ್ ಮೆಕ್‌ಲೇನ್ ಎಂಬಾತ ಹುಟ್ಟುಹಾಕಿದ 'ಗಾರ್ಜಿಯಸ್ ಲೇಡೀಸ್ ಆಫ್ ರೆಸ್ಲಿಂಗ್' ಎಂಬ ಕಾರ್ಯಕ್ರಮ 1986ರಿಂದ ನಾಲ್ಕು ವರ್ಷ ಅಮೆರಿಕದ ಟಿವಿಯಲ್ಲಿ ಬಂತು. ಲಾಸ್ ವೇಗಸ್ಸಿನ ರಿವಿಯೆರಾ ಹೋಟೆಲಿನಲ್ಲಿ ಅದರ ಚಿತ್ರೀಕರಣ. ಬಂದವರಲ್ಲಿ ಹೆಚ್ಚಿನವರು ಕುಸ್ತಿ ಕಲಿತವರಲ್ಲ. ಪಾತ್ರಕ್ಕಾಗಿ ಅಲೆಯುತ್ತಿದ್ದ ನಟಿಯರು, ನರ್ತಕಿಯರು, ರೂಪದರ್ಶಿಗಳು. ಅವರಿಗೆ ಪಟ್ಟು ಕಲಿಸಿದವನು ಮಾಂಡೋ ಗೆರೆರೋ, ಹೆಸರಾಂತ ಮೆಕ್ಸಿಕನ್ ಪೈಲ್ವಾನರ ಮನೆತನದವನು. ಮೂವತ್ತು ವರ್ಷ ಕಳೆದು ಅದೇ ಕತೆ ಧಾರಾವಾಹಿಯಾದಾಗ ನಟಿಯರಿಗೆ ಕಲಿಸಲು ಬಂದವನು ಆತನ ಅಣ್ಣನ ಮಗ ಚಾವೋ ಗೆರೆರೋ. ವಸ್ತಾದಿಕೆ ಮನೆತನದಲ್ಲಿ ಇಳಿದು ಬರುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಚಾವೋ ಕಲಿಸಿದ್ದರಲ್ಲಿ ಮೊದಲ ಪಾಠ ಬೀಳುವುದು. ಧಾರಾವಾಹಿಯೊಳಗೂ ಹಾಗೆಯೇ. ಚೆರಿ ಎಂಬ ಸ್ಟಂಟ್ ಕಲಾವಿದೆ ಹತ್ತು ಹದಿನೈದು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ತಾಲೀಮು ಕೊಡುತ್ತಾಳೆ. ಗದ್ದ ಎದೆಗೆ ಒತ್ತಬೇಕು, ತಲೆ ನೆಲಕ್ಕೆ ತಾಗಕೂಡದು, ಇಡೀ ಬೆನ್ನು ಒಮ್ಮೆಗೇ ಹಲಗೆಯ ಹಾಗೆ ಬೀಳಬೇಕು, ಅಂಗೈಯಿಂದ ನೆಲಕ್ಕೆ ಬಡಿದು ಪೆಟ್ಟಿನ ಜೋರನ್ನು ಹಂಚಿಬಿಡಬೇಕು. ಅವರು ಬೀಳುತ್ತಾರೆ, ನೋವಿಗೆ ಮುಖ ಕಿವುಚುತ್ತಾರೆ, ಏಳುತ್ತಾರೆ, ಮತ್ತೆ ಬೀಳುತ್ತಾರೆ. ಈ ಹತ್ತು ಕಂತುಗಳಲ್ಲಿ ನನ್ನ ಕಣ್ಣು ತುಂಬಿದ್ದು ಗೆಲುವಿನ ದೃಶ್ಯಗಳಲ್ಲಲ್ಲ, ಇಲ್ಲಿ. ದೊಡ್ಡ ಹೆಂಗಸರು, ಮಕ್ಕಳ ತಾಯಂದಿರು, ಒಬ್ಬರ ಮುಂದೊಬ್ಬರು ದೊಪ್ಪನೆ ಬೀಳುವುದನ್ನು, ಅದಕ್ಕೆ ಯಾರೂ ನಗದೆ ಇರುವುದನ್ನು ನಾನು ಅದುವರೆಗೆ ಎಲ್ಲಿಯೂ ಕಂಡಿರಲಿಲ್ಲ.

ನಮ್ಮ ಮಾತಿನಲ್ಲೇ ನೋಡಿ. ಗಂಡಸು ಬಿದ್ದರೆ 'ಬಿದ್ದು ಎದ್ದವನು' ಅನ್ನುತ್ತೇವೆ, ಅದು ಹೊಗಳಿಕೆ. ಹೆಣ್ಣಿಗೆ ಇರುವುದು 'ಕಾಲು ಜಾರಿದವಳು' ಎಂಬ ಒಂದೇ ಮಾತು. ಅದರಲ್ಲಿ ಎದ್ದು ಬರುವ ದಾರಿ ಇಲ್ಲ. ಗಾದೆಯೂ ಅವನದೇ: ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೀಸೆ ಇಲ್ಲದವಳು ಬಿದ್ದರೆ ಏನು ಹೇಳಬೇಕು ಎಂಬುದಕ್ಕೆ ನಮ್ಮಲ್ಲಿ ಗಾದೆಯೇ ಹುಟ್ಟಲಿಲ್ಲ. ಅವಳು ಬೀಳುವ ಕಣವೇ ಇರಲಿಲ್ಲವಲ್ಲ.

ಕಣಗಳೇನೋ ಈ ಭಾಗದಲ್ಲಿ ಬೇಕಾದಷ್ಟಿದ್ದವು. ಇವತ್ತು ಬಾಗಲಕೋಟೆ ಜಿಲ್ಲೆ ಎಂದು ಒಂದೇ ಉಸಿರಿಗೆ ಹೇಳುವ ಈ ನೆಲ ಒಂದು ಕಾಲಕ್ಕೆ ಹರಿದು ಹಂಚಿಹೋಗಿತ್ತು. ಜಮಖಂಡಿ, ಬನಹಟ್ಟಿ ಪಟವರ್ಧನರವು. ಮುಧೋಳ, ಮಹಾಲಿಂಗಪುರ ಘೋರ್ಪಡೆಯವರವು. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಗಡಿ ಬೇರೆ ಬೇರೆಯಾದರೂ ಎಲ್ಲರ ಕಣ್ಣು ಇದ್ದದ್ದು ಕೊಲ್ಹಾಪುರದ ಕಡೆಗೆ. ಶಾಹೂ ಮಹಾರಾಜರು ಪೈಲ್ವಾನರನ್ನು ಸಾಕಿ, ಖಾಸಬಾಗ್ ಮೈದಾನ ಕಟ್ಟಿಸಿದ ಆ ಊರಿನಿಂದ ಕುಸ್ತಿಯ ಗಾಳಿ ಕೃಷ್ಣಾ, ಘಟಪ್ರಭಾ ದಾಟಿ ನಮ್ಮಲ್ಲಿಗೂ ಬೀಸಿತು. ಅದಕ್ಕೇ ನಮ್ಮ ಕುಸ್ತಿಯ ಮಾತಿನಲ್ಲಿ ವಸ್ತಾದ, ತಾಲೀಮು, ಡಾವು, ಪೇಚು, ಖುರಾಕು. ಜಾತ್ರೆ ಬಂತೆಂದರೆ ಗೋಡೆಗೋಡೆಗೆ 'ಜಂಗಿ ನಿಕಾಲಿ ಕುಸ್ತಿಗಳು' ಎಂಬ ಭಿತ್ತಿಪತ್ರ. ನಿಕಾಲಿ ಎಂದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಬಿಡುವ ಮಾತಿಲ್ಲ. ಹಲಗಿ ಬಡಿತ ಏರುತ್ತದೆ, ಜನ ಕಾಲ ಮೇಲೆ ನಿಲ್ಲುತ್ತಾರೆ, ಗೆದ್ದವನ ಕೈಗೆ ಬೆಳ್ಳಿ ಕಡಗ, ಪೇಟ, ಹೆಗಲ ಮೇಲೆ ಮೆರವಣಿಗೆ.

ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅದನ್ನೆಲ್ಲ ನೋಡಿದ್ದೇನೆ. ಒಂದು ವರ್ಷ ಹೊರಡುವ ಹೊತ್ತಿಗೆ ಅಪ್ಪ "ನೀ ಈಗ ದೊಡ್ಡಾಕಿ ಆದಿ, ಮ್ಯಾಳಿಗಿ ಮ್ಯಾಲ ನಿಂತು ನೋಡ" ಅಂದ. ಮ್ಯಾಳಿಗಿಯ ಮೇಲೆ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಅಲ್ಲಿಂದ ಜನರ ಪಟಗ, ಟೊಪ್ಪಿಗೆ ಕಾಣುತ್ತಿದ್ದವು, ಮಣ್ಣು ಕಾಣುತ್ತಿರಲಿಲ್ಲ. ಅಣ್ಣ ಮಾತ್ರ ನಸುಕಿನಲ್ಲೇ ಎದ್ದು ಗರಡಿಗೆ ಹೋಗುತ್ತಿದ್ದ. ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆರಸ ಬೆರೆಸಿ ಹದ ಮಾಡಿದ ಆ ಮಣ್ಣು ಮೈಗೆ ಔಷಧಿ ಎಂಬ ನಂಬಿಕೆ. ಅವನು ಬಂದು ಮೈ ತೊಳೆದುಕೊಂಡರೆ ಬಚ್ಚಲ ಕಲ್ಲಿನ ಮೇಲೆ ನೀರು ಕೆಂಪಗೆ ಹರಿಯುತ್ತಿತ್ತು. ನನಗೆ ತಿಳಿದ ಗರಡಿ ಅಷ್ಟೇ. ಒಳಗೆ ಹನುಮಪ್ಪ ಇದ್ದಾನೆ, ಬ್ರಹ್ಮಚಾರಿ ದೇವರು, ಹೆಣ್ಣುಮಕ್ಕಳು ಹೊಸ್ತಿಲು ದಾಟಬಾರದು ಎಂದು ಹೇಳಿದ್ದರು. ಯಾಕೆಂದು ಕೇಳುವುದು ನನಗೂ ಹೊಳೆದಿರಲಿಲ್ಲ.

ಅಂಥದೇ ಹೊಸ್ತಿಲ ಮುಂದೆ ನಿಂತ ಒಂದು ಪಾತ್ರ ಗ್ಲೋದಲ್ಲಿದೆ. ಕಾರ್ಮೆನ್ ಎಂಬ ಎತ್ತರದ, ದಷ್ಟಪುಷ್ಟ ಹುಡುಗಿ. ಅಪ್ಪ ಹೆಸರಾಂತ ಪೈಲ್ವಾನ, ಅಣ್ಣಂದಿರೂ ಪೈಲ್ವಾನರು. ಕುಸ್ತಿಯನ್ನು ನಿಜವಾಗಿ ಪ್ರೀತಿಸುವವಳು ಆ ಗುಂಪಿನಲ್ಲಿ ಅವಳೇ. ಆದರೆ ಅಪ್ಪ ಬೇಡವೆನ್ನುತ್ತಾನೆ. ಹೆಂಗಸರ ಕುಸ್ತಿ ಅವನ ಪಾಲಿಗೆ ಕುಸ್ತಿಗೆ ಮಾಡುವ ಅವಮಾನ. ಕೊನೆಗೆ ಅದೇ ಅಪ್ಪ ಅವಳ ಆಟ ನೋಡಲು ಬರುತ್ತಾನೆ. ಬ್ರಿಟ್ನಿ ಯಂಗ್ ಎಂಬ ನಟಿ ಈ ಪಾತ್ರವನ್ನು ಮಾಡಿದ ರೀತಿಯಲ್ಲಿ ಒಂದು ಸಾಧುತನವಿದೆ, ದೊಡ್ಡ ಮೈಯನ್ನು ಸಣ್ಣದಾಗಿಸಿಕೊಂಡು ಬದುಕಿದ ಹುಡುಗಿಯರ ಸಂಕೋಚವಿದೆ. ಕಣಕ್ಕಿಳಿದ ಮೇಲೆ ಆ ಮೈ ಮೊದಲ ಸಲ ತನ್ನ ಪೂರ್ತಿ ಅಳತೆಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ಶಾಲೆಗಳಲ್ಲಿ ಕೊನೆಯ ಬೆಂಚಿನಲ್ಲಿ ಬೆನ್ನು ಬಗ್ಗಿಸಿ ಕೂರುವ ಎತ್ತರದ ಹುಡುಗಿಯರು ನನಗೆ ನೆನಪಾದರು.

ಇದು ನಮ್ಮ ಕುಸ್ತಿಯಲ್ಲ, ಮೊದಲೇ ಗೊತ್ತುಮಾಡಿಕೊಂಡ ಆಟ ಎಂದು ಗರಡಿಯವರು ಮೂಗು ಮುರಿಯಬಹುದು. ಹಿಂದಿಯಲ್ಲಿ ಅಂಥದ್ದಕ್ಕೆ ನೂರಾ ಕುಸ್ತಿ ಎನ್ನುತ್ತಾರೆ, ಅದೊಂದು ಬೈಗುಳವೇ. ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾದ ಮೇಲೆ ಅದರಲ್ಲಿ ಉಳಿಯುವುದೇನು? ನನಗೂ ಅದೇ ಅನುಮಾನವಿತ್ತು. ಡೆಬ್ಬಿಗೂ ಇತ್ತು. ಅವಳು ಟಿವಿ ಧಾರಾವಾಹಿಯ ನಾಯಕಿಯಾಗಿದ್ದವಳು, ಕುಸ್ತಿ ಎಂದರೆ ತಾತ್ಸಾರ. ಒಂದು ಸಂಜೆ ಕಾರ್ಮೆನ್ ಅವಳನ್ನು ಪಂದ್ಯ ನೋಡಲು ಕರೆದೊಯ್ಯುತ್ತಾಳೆ. ಕಣದಲ್ಲಿ ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು, ಮೋಸ, ಸೇಡು, ಜನರ ಕಣ್ಣೀರು. ಇದು ತಾನು ಇಷ್ಟು ವರ್ಷ ಮಾಡಿದ ಧಾರಾವಾಹಿಯೇ ಎಂದು ಅವಳಿಗೆ ಹೊಳೆಯುತ್ತದೆ. ಆ ಕ್ಷಣದಲ್ಲಿ ಡೆಬ್ಬಿಯ ಪಾತ್ರ ಮಾಡಿದ ಬೆಟ್ಟಿ ಗಿಲ್ಪಿನ್ನಳ ಮುಖದಲ್ಲಿ ಬೆಳಕು ಹತ್ತಿದ ಹಾಗಾಗುತ್ತದೆ.

ಆ ದೃಶ್ಯ ನೋಡುತ್ತಲೇ ಅವ್ವ ಅಂದಳು: "ಇದು ಪಾರಿಜಾತ ಇದ್ದಂಗೈತಿ ನೋಡ."

ಅವಳು ಹೇಳಿದ್ದು ಶ್ರೀಕೃಷ್ಣ ಪಾರಿಜಾತದ ಮಾತು. ಕುಲಗೋಡ ತಮ್ಮಣ್ಣ ರಂಗಕ್ಕೆ ಹದಗೊಳಿಸಿದ, ಕೌಜಲಗಿ ನಿಂಗಮ್ಮನ ಹೆಸರಿಲ್ಲದೆ ಪೂರ್ತಿಯಾಗದ ಆ ಬಯಲಾಟ ನಮ್ಮ ಈ ಭಾಗದ ಸ್ವಂತ ಆಸ್ತಿ. ಕತೆ ಎಷ್ಟು? ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು. ಅಷ್ಟಕ್ಕೇ ಬೆಳತನಕ ಆಟ. ಕೊನೆಗೆ ಏನಾಗುತ್ತದೆಂದು ಕೂತವರಿಗೆಲ್ಲ ಗೊತ್ತು. ಆದರೂ ಭಾಮೆ ಸಿಡಿದಾಗ ಹೆಂಗಸರ ಸಾಲು ಅಲುಗದೆ ಕೂರುತ್ತಿತ್ತು. ಗ್ಲೋದಲ್ಲಿ ನಡೆಯುವುದೂ ಇಂಥದೇ. ಒಬ್ಬ ಗಂಡಿನ ಸಲುವಾಗಿ ಎದುರಾದ ಇಬ್ಬರು ಹೆಂಗಸರು, ಅವರ ಜಗಳವನ್ನು ಆಟ ಮಾಡಿ ಊರಿಗೆ ತೋರಿಸುವ ಒಬ್ಬ ಭಾಗವತ. ಹಾಸ್ಯ ಎಲ್ಲಿ ಮುಗಿದು ಸಂಕಟ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ಬಾರದ ಹಾಗೆ ಎರಡೂ ಹಾಸುಹೊಕ್ಕಾಗಿವೆ. ಆ ಡೆಬ್ಬಿ ತನ್ನ ಗಂಡನ ಮೇಲಿನ ಸಿಟ್ಟನ್ನು ಮನೆಯಲ್ಲಿ ಪೂರ್ತಿ ಹೇಳಿಕೊಳ್ಳಲಾರಳು; ಕಣದಲ್ಲಿ ಸಾವಿರ ಜನರ ಮುಂದೆ ಹೇಳಬಲ್ಲಳು. ಗಂಡನ ಮುಂದೆ ದನಿ ಎತ್ತದ ನಮ್ಮೂರಿನ ಎಷ್ಟೋ ಹೆಂಗಸರು ಭಾಮೆಯ ಬಾಯಲ್ಲಿ ತಮ್ಮ ಸಿಟ್ಟು ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದರು.

ರಂಗವೆಂಬುದು ಈ ಸೀಮೆಯ ಹೆಣ್ಣಿಗೆ ಹೇಗೋ ದಕ್ಕಿತು, ದೊಡ್ಡ ಬೆಲೆ ತೆತ್ತು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಮತ್ತವಳ ಅಕ್ಕ ಗೋಹರಬಾಯಿ ಹಾಡು, ನಾಟಕ, ಸಿನಿಮಾಗಳಲ್ಲಿ ಮುಂಬೈ ತನಕ ಹೋದರು. 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿದ ಅಮೀರ್‌ಬಾಯಿಯ ದನಿ ಇಡೀ ದೇಶ ಕೇಳಿದ ದನಿ. ವಿಜಾಪುರದ ಅಮೀರ್ ಟಾಕೀಸಿನ ಹೆಸರು ಅವಳದೇ. ಹಾಡುವವಳು, ಕುಣಿಯುವವಳು ಎಂದು ಹಿಂದೆ ಮಾತಾಡಿದರೂ ಅವಳಿಗೊಂದು ರಂಗವಿತ್ತು. ಕುಸ್ತಿಯ ಮಣ್ಣು ಮಾತ್ರ ಸಿಗಲಿಲ್ಲ.

ರೂತ್‌ಳ ಪಾತ್ರದ ಬಗ್ಗೆ ಹೇಳಬೇಕು, ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವಳು ಅವಳೇ. ಮೊದಲ ದೃಶ್ಯದಲ್ಲಿ ಅವಳೊಂದು ಪಾತ್ರದ ಆಯ್ಕೆಗೆ ಬಂದು ಉರಿಯುವ ಮಾತುಗಳನ್ನು ಓದುತ್ತಾಳೆ. ಅದು ಗಂಡಸಿನ ಪಾತ್ರದ ಮಾತು. ಹೆಂಗಸಿಗಿರುವುದು, ಯಜಮಾನರಿಗೆ ಅವರ ಹೆಂಡತಿಯ ಫೋನ್ ಬಂದಿದೆ ಎಂದು ಹೇಳುವ ಕೆಲಸ. ಅಂಥ ರೂತ್‌ಗೆ ಕುಸ್ತಿಯಲ್ಲಿ ಸಿಗುವುದು ಕೆಟ್ಟವಳ ಪಾತ್ರ. ಡೆಬ್ಬಿ ಅಮೆರಿಕದ ಬಾವುಟ ಹೊದ್ದ ನಾಯಕಿ. ರೂತ್ ಸೋವಿಯತ್ ರಷ್ಯಾದಿಂದ ಬಂದ 'ಜೋಯಾ'. ನಿಜ ಬದುಕಿನಲ್ಲೂ ಕಾಲು ಜಾರಿದವಳು, ಕಣದಲ್ಲೂ ಖಳನಾಯಕಿ. ಇನ್ನೊಬ್ಬಳಾಗಿದ್ದರೆ ಕುಗ್ಗುತ್ತಿದ್ದಳು. ಇವಳು ಆ ಪಾತ್ರಕ್ಕೆ ಪೂರ್ತಿ ಬೀಳುತ್ತಾಳೆ. ಉಳಿದುಕೊಂಡ ಮೋಟೆಲ್ ನೋಡಿಕೊಳ್ಳುವ ರಷ್ಯನ್ ಮನುಷ್ಯನ ಬೆನ್ನು ಹತ್ತಿ ಮಾತಿನ ಧಾಟಿ ಕಲಿಯುತ್ತಾಳೆ. ಜನ ತನ್ನನ್ನು ಛೀ ಅನ್ನಬೇಕು, ಆಗಲೇ ಡೆಬ್ಬಿ ಗೆದ್ದಾಗ ಅವರ ಎದೆ ತುಂಬುತ್ತದೆ ಎಂಬುದು ಅವಳಿಗೆ ತಿಳಿದಿದೆ. ಇದು ಗೆಳತಿಯ ಮುಂದೆ ಅವಳು ತೋರುವ ಪಶ್ಚಾತ್ತಾಪವೂ ಹೌದು. ತಾನು ಬಿದ್ದು ಅವಳನ್ನು ಗೆಲ್ಲಿಸುವುದು.

ಪ್ರತಿನಾಯಕನ ಘನತೆ ಗೊತ್ತಿದ್ದ ಕವಿ ನಮ್ಮ ಮುಧೋಳದಲ್ಲೇ ಹುಟ್ಟಿದ್ದ. ಬಳೆಗಾರರ ಮನೆಯ ರನ್ನ. ಸಾವಿರ ವರ್ಷದ ಹಿಂದೆ ಅವನು ಬರೆದ 'ಗದಾಯುದ್ಧ'ದ ನಾಯಕ ಭೀಮ; ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮ ಮಾಡಿ ಹಾಡಿದ ಕಾವ್ಯ ಅದು. ಗೆಲ್ಲುವವರು ಯಾರೆಂದು ಅಲ್ಲಿಯೂ ಮೊದಲೇ ಗೊತ್ತು. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಹೆಣಗಳ ನಡುವೆ ಒಬ್ಬನೇ ನಡೆದು, ಕರ್ಣನಿಗಾಗಿ ಅತ್ತು, ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ಕೈಮುಗಿದು, ಕೊನೆಗೆ ತೊಡೆ ಮುರಿದು ಬೀಳುವ ಆ ಛಲದವನು. ಬಿ.ಎಂ.ಶ್ರೀಯವರು ಇದೇ ಕಾವ್ಯದಿಂದ 'ಗದಾಯುದ್ಧ ನಾಟಕಂ' ರೂಪಿಸಿದ್ದೂ ಆ ಬೀಳುವಿಕೆಯ ದೊಡ್ಡತನ ಕಂಡು. ರನ್ನನ ಊರಿನವರಿಗೆ ರೂತ್ ಅರ್ಥವಾಗದೆ ಇರಲಾರಳು. ಒಂದು ವ್ಯತ್ಯಾಸವಿದೆ. ಬಿದ್ದ ದುರ್ಯೋಧನನಿಗೆ ಸಾವಿರ ವರ್ಷ ಕಣ್ಣೀರು ಸಿಕ್ಕಿತು. ಬಿದ್ದ ಹೆಣ್ಣಿಗೆ ನಾವು ಕೊಟ್ಟದ್ದು ಅದಲ್ಲ.

ಹಮೀದಾ ಬಾನುವಿನ ಕತೆ ಅದಕ್ಕೆ ಸಾಕ್ಷಿ. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಹುಟ್ಟಿ ಅಲಿಗಡದಲ್ಲಿ ಪಳಗಿದ ಈ ಪೈಲ್ವಾನಳು 1940–50ರ ದಶಕದಲ್ಲಿ ಗಂಡಸರ ಜೊತೆ ಕುಸ್ತಿ ಹಿಡಿದವಳು. ತೂಕ 108 ಕಿಲೋ. ಅವಳು ದಿನಕ್ಕೆ ಕುಡಿಯುವ ಹಾಲು ಐದೂವರೆ ಲೀಟರ್ ಎಂದು ಆ ಕಾಲದ ಪತ್ರಿಕೆಗಳು ಅವಳ ಖುರಾಕನ್ನು ಲೆಕ್ಕ ಹಾಕಿ ಬರೆಯುತ್ತಿದ್ದವು. 1954ರಲ್ಲಿ ಅವಳೊಂದು ಸವಾಲು ಎಸೆದಳು: ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ. ಆ ಮೇ ತಿಂಗಳು ಬರೋಡದಲ್ಲಿ ಎದುರಾಗಬೇಕಿದ್ದ ಒಬ್ಬ ಪೈಲ್ವಾನ ಹೆಣ್ಣಿನ ಜೊತೆ ಆಡಲಾರೆನೆಂದು ಹಿಂದೆ ಸರಿದ. ಅವನ ಬದಲಿಗೆ ಇಳಿದ ಬಾಬಾ ಪೈಲ್ವಾನನನ್ನು ಅವಳು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದಳು. ಅದೇ ವರ್ಷ ಮುಂಬೈಯಲ್ಲಿ ರಷ್ಯಾದ ವೆರಾ ಚಿಸ್ತಿಲಿನ್ ಎಂಬ ಹೆಣ್ಣು ಪೈಲ್ವಾನಳನ್ನು ಒಂದು ನಿಮಿಷದೊಳಗೆ ಕೆಡವಿದಳು.

ನಮ್ಮ ಕುಸ್ತಿಯ ಕಾಶಿ ಎನ್ನಿಸಿಕೊಂಡ ಕೊಲ್ಹಾಪುರಕ್ಕೂ ಅವಳು ಬಂದಿದ್ದಳು. ಅಲ್ಲಿ ಒಬ್ಬ ಗಂಡಾಳನ್ನು ಸೋಲಿಸಿದಾಗ ಜನ ಕೂಗಾಡಿ ಕಲ್ಲು ತೂರಿದರು, ಪೊಲೀಸರು ಬರಬೇಕಾಯಿತು. ಪುಣೆಯಲ್ಲಿ ಕುಸ್ತಿ ಸಂಘದವರು ಆಕ್ಷೇಪಿಸಿ ಅವಳ ಪಂದ್ಯವೇ ರದ್ದಾಯಿತು. ತನ್ನ ಪಂದ್ಯಗಳಿಗೆ ಅಡ್ಡಿಯಾಗುತ್ತಿದೆ ಎಂದು ಅವಳು ಮುಂಬೈ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರ ತನಕ ದೂರು ಒಯ್ದಳು. ಪಂದ್ಯ ತಡೆದದ್ದು ಹೆಣ್ಣೆಂಬ ಕಾರಣಕ್ಕಲ್ಲ, ಅವಳೆದುರು ಡಮ್ಮಿ ಪೈಲ್ವಾನರನ್ನು ನಿಲ್ಲಿಸುತ್ತಿದ್ದಾರೆ ಎಂಬ ದೂರು ಬಂದದ್ದಕ್ಕೆ ಎಂಬುದು ಸಿಕ್ಕ ಉತ್ತರ. ಆಗ ಜಮಖಂಡಿ, ಮುಧೋಳ, ಬೀಳಗಿ ಕೂಡ ಅದೇ ಮುಂಬೈ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಅವಳ ಸುದ್ದಿ ನಮ್ಮ ಗರಡಿಗಳಿಗೆ ಮುಟ್ಟದೆ ಇದ್ದಿರಲಾರದು. ಅಜ್ಜಂದಿರು ಅದನ್ನು ಮನೆಗೆ ತಂದು ಹೆಂಡಿರಿಗೆ ಹೇಳಿದ್ದರೋ ಇಲ್ಲವೋ.

ಯುರೋಪಿಗೆ ಹೋಗಿ ಕುಸ್ತಿ ಆಡುತ್ತೇನೆಂದು ಹೊರಟಾಗ ಅವಳ ವಸ್ತಾದನೇ ತಡೆದ, ಹೊಡೆದು ಕೈಕಾಲು ಮುರಿದ ಎಂದು ಅವಳ ಮನೆಯವರು ಹೇಳುತ್ತಾರೆ. ಕಣದಲ್ಲಿ ಯಾರೂ ಕೆಡವಲಾಗದವಳು ಬಿದ್ದದ್ದು ಮನೆಯೊಳಗೆ. ಆಮೇಲೆ ಕಲ್ಯಾಣದಲ್ಲಿ ಹಾಲು ಮಾರಿ, ತಿಂಡಿ ಮಾರಿ ದಿನ ದೂಡಿದಳು. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವಳ ಚಿತ್ರ ಹಾಕಿದಾಗ ನಮ್ಮಲ್ಲಿ ಎಷ್ಟೋ ಜನ ಆ ಹೆಸರನ್ನು ಮೊದಲ ಸಲ ಕೇಳಿದರು. ಕೇಳಿದವರಲ್ಲಿ ನಾನೂ ಒಬ್ಬಳು.

ಹಾಗೆಂದು ಕನ್ನಡ ನಾಡಿಗೆ ಹೆಣ್ಣು ಜಟ್ಟಿ ಹೊಸಬಳೇನಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಮನೆಯ ಹೆಂಗಸರ ಕೆಲಸಗಳನ್ನು ಒಂದೊಂದಾಗಿ ಹೇಳುವಾಗ, ಕುಸ್ತಿ ಆಡುವ ಹೆಂಗಸರೂ ಅರಸನ ಬಳಿ ಇದ್ದರೆಂದು ಬರೆದಿಟ್ಟಿದ್ದಾನೆ. ಒಂದೇ ವಾಕ್ಯ. ಅವರು ಯಾವ ಊರಿನವರು, ಯಾರು ಕಲಿಸಿದರು, ಯಾವ ಮಣ್ಣಿನ ಮೇಲೆ ಬಿದ್ದರು, ಒಂದೂ ಆ ವಾಕ್ಯದಲ್ಲಿಲ್ಲ. ಆ ಒಂದು ವಾಕ್ಯವನ್ನು ನಾನು ಎಷ್ಟು ಸಲ ಓದಿಕೊಂಡಿದ್ದೇನೋ.

ಮತ್ತೆ ಗ್ಲೋಗೆ. ಅದರಲ್ಲಿ ನನಗೆ ನೋವಾದ ಜಾಗವೂ ಇದೆ. ಆರ್ತಿ ಪ್ರೇಮ್‌ಕುಮಾರ್ ಎಂಬ ಭಾರತೀಯ ಮೂಲದ ವೈದ್ಯ ವಿದ್ಯಾರ್ಥಿನಿ ಆ ಗುಂಪಿನಲ್ಲಿದ್ದಾಳೆ. ಸುನಿತಾ ಮಣಿ ಆ ಪಾತ್ರಧಾರಿ. ಅವಳ ಬಣ್ಣ ನೋಡಿ ಬೈರೂತಿನ ಬಾಂಬ್ ಹಾಕುವವಳ ಪಾತ್ರ ಕೊಡುತ್ತಾರೆ. ಕರಿಯ ಹೆಂಗಸಿಗೆ ಸರ್ಕಾರದ ದುಡ್ಡು ತಿನ್ನುವವಳ ಪಾತ್ರ, ಕಾಂಬೋಡಿಯಾ ಮೂಲದವಳಿಗೆ 'ಫಾರ್ಚೂನ್ ಕುಕಿ' ಎಂಬ ಚೀನೀ ಪಾತ್ರ. ಎಂಬತ್ತರ ದಶಕದ ಟಿವಿ ಹಾಗಿತ್ತು, ಅದನ್ನೇ ತೋರಿಸುತ್ತಿದ್ದಾರೆ, ಸರಿ. ಆರ್ತಿ ಕಣಕ್ಕೆ ಬಂದಾಗ ಜನರ ದ್ವೇಷ ಆಟದ ದ್ವೇಷವಾಗಿ ಉಳಿಯುವುದಿಲ್ಲ, ಅವಳು ನಡುಗಿಹೋಗುತ್ತಾಳೆ. ಅಲ್ಲಿ ಧಾರಾವಾಹಿ ಇನ್ನೂ ಸ್ವಲ್ಪ ನಿಲ್ಲಬೇಕಿತ್ತು. ರೂತ್‌ಗೆ ಕೆಟ್ಟವಳ ಪಾತ್ರ ಬಿಡುಗಡೆಯಾಗುತ್ತದೆ, ಯಾಕೆಂದರೆ ಅವಳು ಅದನ್ನು ಕಳಚಿ ಬೀದಿಗೆ ಬರಬಹುದು. ಆರ್ತಿ ತನ್ನ ಮೈಬಣ್ಣವನ್ನು ಎಲ್ಲಿ ಕಳಚಬೇಕು? ಹತ್ತು ಕಂತಿನಲ್ಲಿ ಹದಿನಾಲ್ಕು ಹೆಂಗಸರ ಕತೆ ಹೇಳಲು ಹೊರಟದ್ದರಿಂದ ಈ ಹುಡುಗಿಯರು ಅರ್ಧಕ್ಕೇ ಉಳಿದಿದ್ದಾರೆ. ಮುಂದಿನ ಸರಣಿಗಳಲ್ಲಿ ಅವರಿಗೆ ಜಾಗ ಸಿಗಲಿ ಎಂಬ ಆಸೆಯಿಂದಲೇ ಮುಂದೆ ನೋಡುತ್ತೇನೆ.

ಆದರೆ ಅದು ಕೊಟ್ಟ ಒಂದು ದೊಡ್ಡ ಸಂಗತಿಯನ್ನು ಬೇರೆ ಯಾವ ಕುಸ್ತಿ ಚಿತ್ರವೂ ನನಗೆ ಕೊಟ್ಟಿರಲಿಲ್ಲ. 2016ರ 'ದಂಗಲ್' ಚಿತ್ರವನ್ನು ನಾನೂ ಮನೆಮಂದಿಯ ಜೊತೆ ನೋಡಿ ಅತ್ತವಳೇ. ಅಲ್ಲಿ ಅಪ್ಪನಿದ್ದಾನೆ, ಪದಕವಿದೆ, ದೇಶವಿದೆ. ಇಲ್ಲಿ ಎದುರಾಳಿ ಇದ್ದಾಳೆ. ಎತ್ತಿ ಒಗೆಯುವವಳ ಕೈಯಲ್ಲಿ ಬೀಳುವವಳ ಕುತ್ತಿಗೆ ಇರುತ್ತದೆ. ಒಗೆಯುವವಳು ಅರೆಕ್ಷಣ ಮೊದಲು ಕೈಬಿಟ್ಟರೆ ಮುಗಿಯಿತು. ಗಂಡನನ್ನು ಕಸಿದವಳ ಕೈಗೆ ಡೆಬ್ಬಿ ತನ್ನ ಬೆನ್ನುಮೂಳೆ ಒಪ್ಪಿಸಬೇಕು. ಮಾತು ಬಿಟ್ಟ ಇಬ್ಬರು ಗೆಳತಿಯರು ತಾಲೀಮಿನಲ್ಲಿ ಒಬ್ಬರ ಭಾರ ಒಬ್ಬರು ಹೊರುತ್ತ, ಉಸಿರಿನ ಲೆಕ್ಕ ಹೊಂದಿಸುತ್ತ, ಕಣ್ಣಲ್ಲೇ ಸೂಚನೆ ಕೊಡುತ್ತ ಇರುವ ಆ ದೃಶ್ಯಗಳಲ್ಲಿ ಕ್ಷಮೆ ಎಂಬ ಶಬ್ದ ಬರುವುದಿಲ್ಲ. ರೂತ್ ಆಗಿರುವ ಅಲಿಸನ್ ಬ್ರೀ, ಡೆಬ್ಬಿಯಾಗಿರುವ ಬೆಟ್ಟಿ ಗಿಲ್ಪಿನ್ ಇಬ್ಬರೂ ತಮ್ಮ ಕುಸ್ತಿಯನ್ನು ತಾವೇ ಆಡಿದ್ದಾರೆ. ಅದಕ್ಕೇ ಆ ಭಾರ ನಮಗೂ ತಾಗುತ್ತದೆ. ಇದರ ಸಾಹಸ ಸಂಯೋಜಕಿ ಶಾನಾ ಡಗಿನ್ಸ್‌ಗೆ 2018ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಆ ವಿಭಾಗದಲ್ಲಿ ಗೆದ್ದ ಮೊದಲ ಹೆಣ್ಣು ಅವಳು.

ನಮ್ಮಲ್ಲೂ ಕಾಲ ನಿಂತಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳ ಕುಸ್ತಿ ಮೊದಲ ಸಲ ಸೇರಿತು. 2016ರಲ್ಲಿ ರಿಯೋದಿಂದ ಸಾಕ್ಷಿ ಮಲಿಕ್ ಕಂಚು ತಂದಳು. ಹಳಿಯಾಳ, ಗದಗಿನ ಕ್ರೀಡಾ ವಸತಿ ನಿಲಯಗಳಲ್ಲಿ ನಮ್ಮ ಕಡೆಯ ಹುಡುಗಿಯರು ಮ್ಯಾಟಿನ ಮೇಲೆ ಪಟ್ಟು ಹಾಕುತ್ತಿದ್ದಾರೆ. ಮೈಸೂರು ದಸರೆಯಲ್ಲಿ ದಸರಾ ಕೇಸರಿಯ ಜೊತೆಗೆ ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಎಂಬ ಬಿರುದೂ ಇದೆ. ನಮ್ಮದೇ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ಗೆದ್ದ ದಿನ ಹಿಗ್ಗಿದವರು ನಾವು. ಅಂಥ ಒಂದು ಹೆಸರು ನಮ್ಮ ಹುಡುಗಿಯದೂ ಇರಲಿ ಎಂದು ಬಯಸುವುದು ದೊಡ್ಡ ಆಸೆಯೇನಲ್ಲ.

ಮ್ಯಾಟು ಬಂತು, ಪದಕ ಬಂತು. ಆದರೂ 2023ರ ಮೇ 28ರಂದು ದಿಲ್ಲಿಯ ರಸ್ತೆಯ ಮೇಲೆ ವಿನೇಶ್ ಮತ್ತು ಸಂಗೀತಾ ಫೋಗಟ್ ತ್ರಿವರ್ಣದ ಪಕ್ಕ ಬಿದ್ದಿರುವ, ಪೊಲೀಸರು ಅವರನ್ನು ಎಳೆಯುತ್ತಿರುವ ಚಿತ್ರವನ್ನು ಮರೆಯುವುದು ಹೇಗೆ? ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ, ನ್ಯಾಯ ಕೇಳಿ ಕೂತಿದ್ದವರು ಅವರು. ಅವರ ಕೆಳಗೆ ಮ್ಯಾಟೂ ಇರಲಿಲ್ಲ, ಹದ ಮಾಡಿದ ಮಣ್ಣೂ ಇರಲಿಲ್ಲ, ಡಾಂಬರಿತ್ತು. ಅದೇ ಡಿಸೆಂಬರಿನಲ್ಲಿ ಸಾಕ್ಷಿ ತನ್ನ ಬೂಟುಗಳನ್ನು ಮೇಜಿನ ಮೇಲಿಟ್ಟು, ಅಳುತ್ತ, ಕುಸ್ತಿ ಬಿಟ್ಟೆನೆಂದಳು.

ಮೊದಲ ಸರಣಿಯ ಕೊನೆಯ ಕಂತು ನೋಡಿದ ರಾತ್ರಿ ಓಣಿಯಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಗೇ ಸುಮ್ಮನಾದವು. ಆ ಮೌನದಲ್ಲಿ ಅವ್ವ ತಾನಾಗಿಯೇ ಮಾತು ತೆಗೆದಳು. ಅವಳ ತವರು ಘಟಪ್ರಭೆಯ ದಂಡೆಯ ಒಂದು ಹಳ್ಳಿ. ಜಾತ್ರೆಯ ಕುಸ್ತಿಗೆ ಊರಿನ ಗಂಡಸರೆಲ್ಲ ಹೋದ ಮಧ್ಯಾಹ್ನ ಅವಳೂ ಅವಳ ಅಕ್ಕನೂ ಒಕ್ಕಲು ಕಣದಲ್ಲಿದ್ದ ಹೊಟ್ಟಿನ ರಾಶಿಗೆ ಹೋಗುತ್ತಿದ್ದರಂತೆ. ಪರಕಾರ ಎತ್ತಿ ಕಚ್ಚೆ ಹಾಕಿ, ತೊಡೆ ತಟ್ಟಿ, ಕುಸ್ತಿ. ದೂರದಿಂದ ಹಲಗಿ ಸದ್ದು ಕೇಳುತ್ತಿತ್ತಂತೆ. ಗಂಡಸರು ಬರುವ ಹೊತ್ತಿಗೆ ಜಡೆಯೊಳಗಿನ ಹೊಟ್ಟು ಆರಿಸಿಕೊಂಡು ಒಲೆಯ ಮುಂದೆ ಕೂತುಬಿಡುತ್ತಿದ್ದರಂತೆ. ಅರವತ್ತು ವರ್ಷ ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

"ಯಾರು ಗೆಲ್ಲತಿದ್ರವ್ವಾ?" ಅಂದೆ.

"ನಾನ ಗೆಲ್ಲತಿದ್ದೆ. ಅಕ್ಕಾ ಬೀಳ್ತಿದ್ದಳು." ಕತ್ತಲೆಯಲ್ಲಿ ಅವಳ ಮುಖ ಕಾಣಲಿಲ್ಲ. ತುಸು ಹೊತ್ತು ಬಿಟ್ಟು ಅಂದಳು: "ಅಕಿ ನನಗಿಂತ ದೊಡ್ಡಾಕಿ ಇದ್ದಳು, ಕಸುವು ಅಕೀಗೇ ಇತ್ತು. ನನಗ ನೋವಾಗದಂಗ ಬೀಳಾಕ ಬರ್ತಿತ್ತು ಅಕೀಗೆ."

ಕರೆಂಟು ಬಂತು. ಮಗ್ಗಗಳು ಒಂದೊಂದಾಗಿ ಮತ್ತೆ ಶುರುವಾದವು. ಅವ್ವ ಕಂಡಿಕಿಯ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡು, ಮುಂದಿನದನ್ನು ಹಚ್ಚು ಅಂದಳು.